ಒಂದು ಸಾಲು ಜಾರಿದ ಪಟ್ಟಿ

ಆಗ ನನಗೆ ನಲವತ್ತಾರು ವರ್ಷ. ಇಪ್ಪತ್ತು ವರ್ಷದ ಹಿಂದಿನ ಮಾತು. ಮೊಳಕಾಲ್ಮೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದೆ. ಅದರ ಹೆಸರು ಬರೆಯುವುದಿಲ್ಲ. ತಪ್ಪು ಮಾಡಿದವರೂ ಒಳ್ಳೆಯವರೇ, ಈಗ ಅವರಿಗೆ ಮುಜುಗರ ಯಾಕೆ.

ನನ್ನ ಹೆಸರು ಬೋರಮ್ಮ. ಓದಿದ್ದು ಮೂರನೇ ಕ್ಲಾಸು. ಅಕ್ಷರ ಬರುತ್ತವೆ, ಒತ್ತಕ್ಷರ ಬಂದರೆ ನಿಂತು ನೋಡುತ್ತೇನೆ. ನೆಲ ಒರೆಸುವುದು, ಬೆಡ್‌ಪ್ಯಾನ್ ತೆಗೆಯುವುದು, ಹೆರಿಗೆ ಹೊತ್ತಿಗೆ ಬಿಸಿನೀರು ಕಾಯಿಸುವುದು, ರಕ್ತದ ಚೀಟಿ ಒಯ್ಯುವುದು, ಇವು ನನ್ನ ಕೆಲಸ. ಮೂವತ್ತು ವರ್ಷ ಅದನ್ನೇ ಮಾಡಿದೆ. ಬಡ್ತಿ ಗಿಡ್ತಿ ಅಂತ ಆ ಕೆಲಸದಲ್ಲಿ ಇರುವುದಿಲ್ಲ, ಪೊರಕೆ ಸವೆದರೆ ಹೊಸದು ಕೊಡುತ್ತಾರೆ ಅಷ್ಟೇ. ನನಗೆ ಅದರ ಮೇಲೆ ದೂರೇನೂ ಇಲ್ಲ. ಚೆನ್ನಾಗಿಯೇ ಕಳೆದೆ.

ಈಗ ನನ್ನ ತಂಗಿಯ ಮೊಮ್ಮಗಳು ಒಂದು ಆಸ್ಪತ್ರೆಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸಕ್ಕೆ ಸೇರಿದ್ದಾಳೆ. ಮೊನ್ನೆ ಬಂದವಳು, "ಅಜ್ಜೀ, ನಿಮ್ ಕಾಲ್ದಾಗೆ ಇವೆಲ್ಲ ಎಲ್ಲಿದ್ವು ಬಿಡು" ಅಂದಳು. "ಇದ್ವು ಕಣೇ. ಅದಕ್ಕೆ ಕಡಿಮೆ ಮಾತಾಡೋದು ಕಲಿಸಿದೋರೊಳಗೆ ನಾನೂ ಒಬ್ಬಳು" ಅಂದೆ. ನಕ್ಕಳು. ನಗಲಿ. ಇದನ್ನು ಓದಿದ ಮೇಲೆ ಏನು ಮಾಡುತ್ತಾಳೋ ನೋಡೋಣ.

ನಾನಿದ್ದ ಆಸ್ಪತ್ರೆ ಅಣ್ಣ ತಂಗಿ ಇಬ್ಬರದು. ಎಣ್ಣೆ ಮಿಲ್ಲು, ಹೊಲ ಎಲ್ಲ ಇದ್ದ ಮನೆತನ. ಅಣ್ಣ ಚಳ್ಳಕೆರೆಯಲ್ಲಿ, ಅವರದು ದೊಡ್ಡ ಕಟ್ಟಡ. ತಂಗಿ ನಮ್ಮ ಮೊಳಕಾಲ್ಮೂರಿನಲ್ಲಿ, ನಾವು ಅವರನ್ನು ಡಾಕ್ಟ್ರಮ್ಮ ಅನ್ನುತ್ತಿದ್ದೆವು. ನಮ್ಮಲ್ಲಿ ಹನ್ನೆರಡು ಮಂಚ, ಒಂದು ಹೆರಿಗೆ ಕೋಣೆ. ರಕ್ತ ಪರೀಕ್ಷೆ ಮಾಡುವ ಲ್ಯಾಬು ಚಳ್ಳಕೆರೆಯಲ್ಲಿ ಮಾತ್ರ. ಬೆಳಿಗ್ಗೆ ಏಳರ ಬಸ್ಸಿಗೆ ರಕ್ತದ ಬಾಟಲಿಗಳನ್ನು ಐಸ್ ಹಾಕಿದ ಫ್ಲಾಸ್ಕಿನಲ್ಲಿಟ್ಟು ನಾನು ಕಳಿಸುತ್ತಿದ್ದೆ. ಚೀಟಿ ಮಾರನೇ ದಿನ ಅದೇ ಬಸ್ಸಿನಲ್ಲಿ ವಾಪಸ್ಸು ಬರುತ್ತಿತ್ತು. ಒಂದು ಸಲ ಇಳಿಸಿಕೊಳ್ಳುವವರು ಮರೆತು ಫ್ಲಾಸ್ಕು ಹಿರಿಯೂರಿಗೇ ಹೋಗಿತ್ತು. ಕಾಫಿ ಇರಬಹುದು ಅಂತ ಯಾರೋ ಮುಚ್ಚಳ ತೆಗೆದು ನೋಡಿದರಂತೆ. ಆಮೇಲೆ ಕಂಡಕ್ಟರು ಅದನ್ನು ಮುಟ್ಟುವುದನ್ನೇ ಬಿಟ್ಟ. "ನೀನೇ ಹತ್ತಿ ಸೀಟಿನ್ ಕೆಳಗೆ ಇಟ್ಟೋಗವ್ವ, ನನ್ ಕೈಲಿ ಆಗಲ್ಲ" ಅಂದ.

ಆಮೇಲೆ ಫೋನಿನಲ್ಲಿ ಕೇಳಿ ಬರೆದುಕೊಳ್ಳುವುದು ಶುರುವಾಯಿತು. ನಮ್ಮ ಕಡೆ ಗಾಳಿ ಕಾಲದಲ್ಲಿ ಫೋನಿನ ತಂತಿ ಯಾವಾಗ ಇರುತ್ತದೆ, ಯಾವಾಗ ಹೋಗುತ್ತದೆ ಯಾರೂ ಹೇಳಲಾರರು. ಆ ಕಡೆಯವರು ಏಳು ಅಂದದ್ದು ಈ ಕಡೆ ಎರಡು ಅಂತ ಕೇಳುತ್ತಿತ್ತು. ಅದಕ್ಕೇ ಎರಡೂ ಆಸ್ಪತ್ರೆಗೆ ಕಂಪ್ಯೂಟರ್ ತಂದರು. ಅದೇ ಫೋನಿನ ತಂತಿಯೊಳಗೆ ಒಂದು ಕಂಪ್ಯೂಟರ್ ಇನ್ನೊಂದಕ್ಕೆ ಬರೆದದ್ದನ್ನು ಕಳಿಸುತ್ತದೆ ಅಂದರು. ಕಿವಿ ತಪ್ಪಿ ಕೇಳುವ ರಗಳೆ ತಪ್ಪಿತು. ಆದರೆ ತಂತಿ ಅದೇ, ಗಾಳಿಯೂ ಅದೇ.

ಕಂಪ್ಯೂಟರ್ ನೋಡಿಕೊಳ್ಳಲು ಬಂದವನು ವೆಂಕಟೇಶು. ನಲವತ್ತರ ಹತ್ತಿರದ ಮನುಷ್ಯ. ನೇಕಾರರ ಮನೆ, ಮನೆಮಾತು ತೆಲುಗು. ಊರಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಟ್ಟಿದ್ದ, ಟೈಪಿಗೆ ಯಾರೂ ಬರದಂತಾದ ಮೇಲೆ ಚಿತ್ರದುರ್ಗಕ್ಕೆ ಹೋಗಿ ಕಂಪ್ಯೂಟರ್ ಕಲಿತು ಬಂದಿದ್ದ. ಅವನಿಗೆ ಸಿಟ್ಟು ಬಂದರೆ ತೆಲುಗು, ಖುಷಿ ಬಂದರೂ ತೆಲುಗು. ನಡುವೆ ಇದ್ದಾಗ ಕನ್ನಡ.

ಚಳ್ಳಕೆರೆ ಲ್ಯಾಬಿನಲ್ಲಿದ್ದವರು ಷಡಕ್ಷರಪ್ಪನವರು. ನನಗಿಂತ ದೊಡ್ಡವರು. ಹಣೆ ತುಂಬ ವಿಭೂತಿ, ಕೆಲಸ ಅಚ್ಚುಕಟ್ಟು. ಅವರು ಒಂದು ವರದಿ ಟೈಪು ಮಾಡಿದರೆ ಆಸ್ಪತ್ರೆಯ ಹೆಸರು, ರಸ್ತೆ, ತಾಲ್ಲೂಕು, ಜಿಲ್ಲೆ, ಆಮೇಲೆ ರೋಗಿಯ ಹೆಸರು, ಗಂಡನ ಹೆಸರು, ಊರು, ಹೋಬಳಿ, ಕೊನೆಗೆ ಇಂತಿ ತಮ್ಮ ವಿಶ್ವಾಸಿ. ನಡುವೆ ಎಲ್ಲೋ ರಕ್ತದ ವಿಷಯ. ಇಷ್ಟುದ್ದದ್ದು ತಂತಿ ದಾಟಿ ಬರುವಷ್ಟರಲ್ಲಿ ಗಾಳಿ ಬೀಸಿ ಲೈನು ಕಟ್ಟಾಗುತ್ತಿತ್ತು. ಕಟ್ಟಾದರೆ ಉಳಿದರ್ಧ ಬರುವುದಿಲ್ಲ, ಮತ್ತೆ ಮೊದಲಿಂದ ಕಳಿಸಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಬರಬೇಕಾದ್ದು ಸಂಜೆಗೂ ಬರುತ್ತಿರಲಿಲ್ಲ.

ಒಂದು ದಿನ ವೆಂಕಟೇಶು ನನ್ನನ್ನು ಕರೆದ.

"ಬೋರಮ್ಮಕ್ಕ, ಹಳೇ ಚೀಟಿ ಎಲ್ಲ ನಿನ್ ತಾವ ಐತಲ್ಲ?"

ಇತ್ತು. ಒಂದನ್ನೂ ಎಸೆದಿರಲಿಲ್ಲ, ಚೀಲದಲ್ಲಿ ತುಂಬಿಟ್ಟಿದ್ದೆ. ತಂದು ನೆಲಕ್ಕೆ ಸುರಿದೆ. ಇಬ್ಬರೂ ಕೂತು ಕತ್ತರಿಯಲ್ಲಿ ಕತ್ತರಿಸಿದೆವು. ಆಸ್ಪತ್ರೆ ಹೆಸರು ಇದ್ದ ತುಂಡು ಒಂದು ಗುಡ್ಡೆ, ವಿಶ್ವಾಸಿ ಒಂದು ಗುಡ್ಡೆ, ರೋಗಿ ಹೆಸರು ಒಂದು, ಪರೀಕ್ಷೆ ಹೆಸರು ಒಂದು. ಮಧ್ಯಾಹ್ನದ ಹೊತ್ತಿಗೆ ಕೋಣೆ ತುಂಬ ಗುಡ್ಡೆ.

"ಇದ್ರೊಳಗೆ ಹೊಸಾದು ಎಷ್ಟೈತೆ ಹೇಳಕ್ಕ" ಅಂದ.

ನೋಡಿದೆ. ಹೇಳಿದ್ದನ್ನೇ ಹೇಳಿದ್ದರು. ಹೊಸದು ಅಂತ ಆರಿಸಿದರೆ ಒಂದು ಬೊಗಸೆಯೂ ಆಗುವುದಿಲ್ಲ.

"ಉಳಿದಿದ್ದನ್ನೆಲ್ಲ ಯಾಕಪ್ಪ ಹೊತ್ತು ತರ್ತದೆ ಆ ತಂತಿ?" ಅಂದೆ.

"ಅದೇ ನಾನೂ ಅಂತಿರೋದು!" ಅಂತ ತೊಡೆ ತಟ್ಟಿಕೊಂಡ. ಅವರ ಮನೆಯ ಮಗ್ಗದ ಮೇಲೆ ಸೀರೆಯ ಹೂವಿಗೆ ತೂತು ಹೊಡೆದ ಅಟ್ಟೆಗಳ, ಅಂದರೆ ರಟ್ಟಿನ ತುಂಡುಗಳ, ಸರ ಇರುತ್ತದೆ. ಒಂದು ಹೂವಿಗೆ ಒಂದು ಸಲ ತೂತು ಹೊಡೆದರೆ ಸಾಕು, ಸೀರೆ ತುಂಬ ಅದೇ ಹೂವು ಬೀಳುತ್ತದೆ. ಪ್ರತಿ ಹೂವಿಗೂ ಹೊಸದಾಗಿ ಯಾರೂ ಬರೆದು ಕೂರುವುದಿಲ್ಲ. ಹಾಗೇ ಇಲ್ಲೂ ಮಾಡೋಣ ಅಂದ. ಮೇಲಿಂದ ಮೇಲೆ ಬರುವ ಮಾತುಗಳನ್ನೆಲ್ಲ ಒಂದು ಪಟ್ಟಿ ಮಾಡುವುದು. ಒಂದು ಸಾಲಿಗೆ ಒಂದು ಮಾತು. ಅದೇ ಪಟ್ಟಿ ನಮ್ಮ ಕಂಪ್ಯೂಟರಿನಲ್ಲೂ ಇರುತ್ತದೆ, ಚಳ್ಳಕೆರೆಯ ಕಂಪ್ಯೂಟರಿನಲ್ಲೂ ಇರುತ್ತದೆ. ತಂತಿಯೊಳಗೆ ಮಾತು ಹೋಗುವುದಿಲ್ಲ, ಅದು ಎಷ್ಟನೇ ಸಾಲು ಅನ್ನುವ ಅಂಕಿ ಮಾತ್ರ ಹೋಗುತ್ತದೆ. ಈ ಕಡೆಯ ಕಂಪ್ಯೂಟರ್ ಸಾಲು ಎಣಿಸಿ ಮಾತು ಹುಡುಕಿ ತೋರಿಸುತ್ತದೆ. ಒಂದು ಪುಟದ ವರದಿ ಮೂರು ಅಂಕಿಯಾಯಿತು. ಹೆಸರು, ಪರೀಕ್ಷೆ, ಫಲಿತಾಂಶ. ಗಾಳಿ ನಿಂತ ಒಂದು ಗಳಿಗೆಯಲ್ಲಿ ದಾಟಿಬಿಡುತ್ತಿತ್ತು. ಲೆಕ್ಕ ವಿವರ ಇರುವ ಪೂರ್ತಿ ಕಾಗದ ಹಿಂದಿನಂತೆ ಮಾರನೇ ದಿನ ಬಸ್ಸಿನಲ್ಲಿ ಬರಲಿ ಅಂತಾಯಿತು.

ಹೆಚ್ಚು ಬರುವ ಮಾತಿಗೆ ಚಿಕ್ಕ ಅಂಕಿ ಕೊಡಬೇಕು ಅಂತ ವೆಂಕಟೇಶು ಹೆಸರಿನ ಗುಡ್ಡೆ ಎಣಿಸಲು ಹೇಳಿದ. ಎಣಿಸುವುದೇನು ಬಂತು. ನಮ್ಮ ಸೀಮೆಯಲ್ಲಿ ಕಲ್ಲು ಎಸೆದರೆ ತಿಪ್ಪೇಸ್ವಾಮಿಗೆ ಬೀಳುತ್ತದೆ. ಅವನೇ ಮೊದಲನೇ ಸಾಲು. ಆಮೇಲೆ ತಿಪ್ಪಮ್ಮ, ಓಬಮ್ಮ, ಪಾಲಯ್ಯ, ಬೊಮ್ಮಕ್ಕ, ಹೀಗೆ. ಅಪರೂಪದ ಹೆಸರಿನವರು ಬಂದರೆ ಅಕ್ಷರ ಅಕ್ಷರ ಹೊಡೆಯಬೇಕು. ಒಬ್ಬರು ಶೆಟ್ಟರು ಬರುತ್ತಿದ್ದರು, ಹೆಸರು ಈ ತುದಿಯಿಂದ ಆ ತುದಿಗಿತ್ತು. ಅವರನ್ನು ಕಂಡರೆ ವೆಂಕಟೇಶು, "ಈಯನಕು ಜ್ವರಂ ರಾಕೂಡದು, ಲೈನು ತಟ್ಟುಕೋಲೇದು" ಅನ್ನುತ್ತಿದ್ದ. ಇವರಿಗೆ ಜ್ವರ ಬರಬಾರದು, ತಂತಿ ತಡೆಯುವುದಿಲ್ಲ ಅಂತ.

ಒಂದೇ ಹೆಸರಿನವರು ಇಬ್ಬರು ಇದ್ದ ದಿನ ಮಾತ್ರ ಊರಿನ ಹೆಸರೂ ಸೇರಿಸುವುದು ಅಂತ ಮಾಡಿಕೊಂಡೆವು.

ಈ ಕಡಿಮೆ ಮಾಡುವ ಹುಚ್ಚಿನಲ್ಲಿ ನಾನೂ ಒಂದು ಬುದ್ಧಿ ಹೇಳಿದೆ. ಅದು ನನ್ನ ತಪ್ಪು, ಬರೆದುಬಿಡುತ್ತೇನೆ. "ನಾರ್ಮಲ್ ಅಂತ ಬಂದ್ರೆ ಡಾಕ್ಟ್ರಮ್ಮ ಏನೂ ಮಾಡಲ್ಲ. ಏನೂ ಮಾಡ್ದೇ ಇರೋದಕ್ಕೆ ಯಾಕಪ್ಪ ಕಳಿಸ್ಬೇಕು? ಕೆಟ್ಟಿದ್ರೆ ಮಾತ್ರ ಹೇಳ್ಲಿ. ಸುಮ್ನಿದ್ರೆ ಚೆನ್ನಾಗೈತೆ ಅಂತ ತಿಳ್ಕಂಡ್ರಾತು" ಅಂದೆ. ವೆಂಕಟೇಶನಿಗೆ ಬಹಳ ಹಿಡಿಸಿತು. ಸ್ವಲ್ಪ ದಿನ ಚೆನ್ನಾಗಿ ನಡೆಯಿತು. ಆಮೇಲೆ ಒಂದು ದಿನ ಒಬ್ಬ ಅಜ್ಜನ ರಕ್ತದ ಬಾಟಲಿ ಬಸ್ಸಿನಲ್ಲೇ ಒಡೆದಿದೆ. ರಕ್ತವೇ ಇಲ್ಲದ ಮೇಲೆ ಷಡಕ್ಷರಪ್ಪನವರು ಏನು ಕಳಿಸುತ್ತಾರೆ, ಸುಮ್ಮನಿದ್ದರು. ಅವರು ಸುಮ್ಮನಿದ್ದಾರೆ ಅಂದರೆ ಚೆನ್ನಾಗಿದೆ ಅಂತ ನಾವು ಅಜ್ಜನನ್ನು ಮನೆಗೆ ಕಳಿಸಿದೆವು. ಮೂರು ದಿನಕ್ಕೆ ಟೈಫಾಯ್ಡ್ ಹೊತ್ತುಕೊಂಡು ಬಂದ.

ಡಾಕ್ಟ್ರಮ್ಮ ಎಲ್ಲರನ್ನೂ ನಿಲ್ಲಿಸಿ ಕೇಳಿದರು. "ಯಾರದಿದು ಈ ಬುದ್ಧಿವಂತಿಕೆ?"

"ನಂದೇ ಕಣ್ರಮ್ಮ" ಅಂದೆ.

"ಇನ್ಮೇಲೆ ನಾರ್ಮಲ್ ಇದ್ರೂ ಬಾಯಿಬಿಟ್ಟು ನಾರ್ಮಲ್ ಅಂತಲೇ ಹೇಳಬೇಕು. ಗೊತ್ತಾಯ್ತಾ?"

ಗೊತ್ತಾಯಿತು. ಅಜ್ಜ ಉಳಿದ. ಉಳಿದವನು ವಾರ್ಡಿನಲ್ಲಿ ಮಲಗಿಕೊಂಡು ಹದಿನೈದು ದಿನ ನನಗೆ ಬೈದ, ಬೈಸಿಕೊಂಡೆ. ಪಟ್ಟಿಗೆ ಎರಡು ಸಾಲು ಹೊಸದಾಗಿ ಸೇರಿದವು. ಒಂದು ನಾರ್ಮಲ್, ಇನ್ನೊಂದು ಮತ್ತೆ ಮಾಡಬೇಕು.

ಪಟ್ಟಿ ಗಟ್ಟಿಯಾದ ಮೇಲೆ ವೆಂಕಟೇಶು ತನ್ನ ದುಂಡು ಅಕ್ಷರದಲ್ಲಿ ಅದನ್ನು ಕಾಗದದ ಮೇಲೆ ಎರಡು ಪ್ರತಿ ಬರೆದ. ಒಂದು ಚಳ್ಳಕೆರೆಗೆ ಹೋಯಿತು, ಒಂದನ್ನು ನಮ್ಮ ಗೋಡೆಗೆ ಅಂಟಿಸಿದ. ಸುಮಾರು ಇನ್ನೂರು ಸಾಲು. ನಾನು ದಿನಾ ಬೆಳಿಗ್ಗೆ ಕಂಪ್ಯೂಟರ್ ಮೇಜು ಒರೆಸುವಾಗ ಅದನ್ನು ನೋಡಿ ನೋಡಿ ಓದುತ್ತಿದ್ದೆ. ಅಕ್ಷರ ಕೂಡಿಸಿ ಓದುವವರಿಗೆ ಒಂದು ಲಾಭ ಇದೆ, ಓದಿದ್ದು ಬೇಗ ಮರೆಯುವುದಿಲ್ಲ. ಮೇಲಿಂದ ಕೆಳಗೆ ಬಾಯಿಪಾಠ ಆಗಿಹೋಯಿತು. ವೆಂಕಟೇಶು ನಗುತ್ತಿದ್ದ. "ಏನಕ್ಕ, ಸ್ಕೂಲಿಗೆ ಸೇರಿದ್ಯಾ? ತಿಪ್ಪಮ್ಮ, ಓಬಮ್ಮ, ಪಾಲಯ್ಯ, ನೆಂಟರನ್ನ ಕರ್ದಂಗೆ ಕರೀತೀಯ." ಎರಡು ವರ್ಷ ಹಾಗೇ ನಡೆಯಿತು. ಒಂದೂ ತಪ್ಪು ಬರಲಿಲ್ಲ.

ಒಂದು ಆಷಾಢದಲ್ಲಿ ಚಳ್ಳಕೆರೆಯ ಕಂಪ್ಯೂಟರ್ ಕೆಟ್ಟಿತು. ರಿಪೇರಿ ಮಾಡಿ ತಂದರು, ಆದರೆ ಒಳಗಿದ್ದದ್ದೆಲ್ಲ ಹೋಗಿತ್ತು. ವೆಂಕಟೇಶು ಹೋಗಿ ತನ್ನ ಪ್ರೋಗ್ರಾಂ ಹಾಕಿ ಬಂದ. ಪಟ್ಟಿ ಮಾತ್ರ ಷಡಕ್ಷರಪ್ಪನವರು ತಾವೇ ಟೈಪು ಮಾಡಿಕೊಳ್ಳುತ್ತೇನೆ ಅಂದರಂತೆ. "ಕಾಗದ್ದಾಗೆ ಇದ್ದಂಗೆ ಹೊಡೀರಿ ಸಾರ್, ಒಂದಕ್ಷರ ಬಿಡಬ್ಯಾಡ್ರಿ" ಅಂತ ಹೇಳಿ ಇವನು ಬಸ್ಸು ಹತ್ತಿದ. ಮಾರನೇ ದಿನದ ಕಥೆಯೇ ನಾನು ಹೇಳಬೇಕಾದ್ದು.

ಆ ದಿನ ಬೆಳಿಗ್ಗೆ ದೇವಸಮುದ್ರದಿಂದ ತಿಪ್ಪಮ್ಮ ಅನ್ನುವ ಹುಡುಗಿ ಬಂದಳು. ಇಪ್ಪತ್ತು ವರ್ಷ, ಚೊಚ್ಚಲ ಬಸುರಿ, ಸಣ್ಣಗೆ ನೋವು ಶುರುವಾಗಿತ್ತು. ಜೊತೆಗೆ ಅತ್ತೆ. ಡಾಕ್ಟ್ರಮ್ಮ ಹುಡುಗಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಬಿಳುಪು. ಆದರೆ ಆಗ ನಮ್ಮ ಕಡೆಯ ಬಸುರಿಯರೆಲ್ಲ ಸ್ವಲ್ಪ ಬಿಳುಪೇ ಇರುತ್ತಿದ್ದರು. ಮೈಯಲ್ಲಿ ರಕ್ತ ಎಷ್ಟಿದೆ ಅಂತ ಪರೀಕ್ಷೆ ಆಗಬೇಕು ಅಂತ ಏಳರ ಬಸ್ಸಿಗೇ ಕಳಿಸಿದರು.

ನನಗೆ ಹೇಳಿದರು, "ಬೋರಮ್ಮ, ರಿಪೋರ್ಟ್ ಬಂದ ಕೂಡಲೇ ಹೇಳು. ರಕ್ತ ಬಹಳ ಕಡಿಮೆ ಇದ್ದರೆ ಇಲ್ಲಿ ಹೆರಿಗೆ ಮಾಡಬಾರದು. ಇವಳಿಗೆ ರಕ್ತ ಹೋಗೋಕೆ ಶುರುವಾದರೆ ಕೊಡೋಕೆ ನಮ್ಮ ಹತ್ರ ಒಂದು ಬಾಟಲಿ ಇಲ್ಲ. ಒಂದು ಗಂಟೆಯೊಳಗೆ ಬಳ್ಳಾರಿಗೆ ಹೊರಡಿಸಬೇಕು. ತಡ ಆದ್ರೆ ದಾರಿಯಲ್ಲೇ ಆಗ್ತದೆ."

ಅತ್ತೆ ಪಕ್ಕದಲ್ಲೇ ಇದ್ದಳು. "ಬಳ್ಳಾರಿ ಯಾಕ್ರಮ್ಮ? ನಾನು ಆರು ಹೆತ್ತೀನಿ, ಎಲ್ಡು ಹೊಲ್ದಾಗೇ ಆದ್ವು."

"ನಿಂದು ಹೊಲದಾಗೆ ಆದ್ವು ಅಂತ ಇವಳ್ದೂ ಆಗ್ಬೇಕಾ?" ಅಂದೆ ನಾನು. ಡಾಕ್ಟ್ರಮ್ಮ ನನ್ನ ಕಡೆ ನೋಡಿದರು, ಬಾಯಿ ಮುಚ್ಚಿದೆ.

ವಾರ್ಡಿನಲ್ಲಿ ಅವತ್ತು ಇನ್ನೊಬ್ಬಳು ಇದ್ದಳು, ತಳಕಿನ ಓಬಮ್ಮ. ಅರವತ್ತು ದಾಟಿದ ಹೆಂಗಸು. ಕಾಲಿನ ಗಾಯ ಒಣಗುತ್ತಿರಲಿಲ್ಲ, ಸಕ್ಕರೆ ಕಾಯಿಲೆ ಇರಬಹುದು ಅಂತ ಅವಳ ರಕ್ತವೂ ಅದೇ ಫ್ಲಾಸ್ಕಿನಲ್ಲಿ ಹೋಗಿತ್ತು.

ಹನ್ನೊಂದೂವರೆಗೆ ಚಳ್ಳಕೆರೆಯಿಂದ ಎರಡು ಸುದ್ದಿ ಬಂದವು. ಬಂದ ಮೇಲೆ ಗಾಳಿಗೆ ತಂತಿ ಸತ್ತಿತು. ಮೊಬೈಲು ಡಾಕ್ಟ್ರಮ್ಮನ ಹತ್ತಿರ ಒಂದು ಇತ್ತು, ಅದು ಮಾಳಿಗೆ ಹತ್ತಿದರೆ ಒಂದೊಂದು ಸಲ ಮಾತಾಡುತ್ತಿತ್ತು, ಅವತ್ತು ಅದೂ ಇಲ್ಲ.

ಮೊದಲನೇ ಸುದ್ದಿ: ಓಬಮ್ಮ, ಸಕ್ಕರೆ, ನಾರ್ಮಲ್.

ಎರಡನೇದು: ಪಾಲಯ್ಯ, ಕಾಮಾಲೆ, ಮತ್ತೆ ಮಾಡಬೇಕು.

ಪಾಲಯ್ಯ ಅನ್ನುವವನು ವಾರ್ಡಿನಲ್ಲಿ ಇರಲಿಲ್ಲ. ಹೊರಗಡೆಯಿಂದ ಬಂದು ತೋರಿಸಿಕೊಂಡು ಹೋದವನು ಯಾರೋ ಇರಬೇಕು ಅಂತ ವೆಂಕಟೇಶು ಅದನ್ನು ಚೀಟಿಯಲ್ಲಿ ಬರೆದು ಮೊಳೆಗೆ ಚುಚ್ಚಿದ. ತಿಪ್ಪಮ್ಮನದು ಇನ್ನೂ ಬಂದಿಲ್ಲ ಅಂದುಕೊಂಡೆವು. ಡಾಕ್ಟ್ರಮ್ಮ ಕಾಯೋಣ ಅಂದರು.

ಓಬಮ್ಮನಿಗೆ ನಾನೇ ಹೇಳಿದೆ, ಸಕ್ಕರೆ ಇಲ್ವಂತೆ ಅಂತ. ಮುದುಕಿಗೆ ಎಲ್ಲಿಲ್ಲದ ಖುಷಿ. ಮಗಳ ಕಡೆ ತಿರುಗಿ, "ನಾರ್ಮಲ್ ಅಂತೆ ಕಣೇ! ಎಲ್ಡು ದಿನದಿಂದ ಉಪಾಸ ಕೆಡವಿದ್ಯಲ್ಲ, ಕೊಡು ಆ ಬಾಳೆಹಣ್ಣು" ಅಂದಳು. ಒಂದು ತಿಂದಳು, ಇನ್ನೊಂದು ತಿಂದಳು, ಒಂದು ಚೊಂಬು ನೀರು ಕುಡಿದಳು, ಎದ್ದು ಬಚ್ಚಲಿಗೆ ಹೋದಳು. ಬೆಳಗಿನಿಂದ ಅದು ಆರನೇ ಸಲ.

ಅವಳು ಬಂದ ಮೇಲೆ ನಾನು ಬಚ್ಚಲು ತೊಳೆಯಲು ಹೋದೆ. ಹನ್ನೆರಡು ಗಂಟೆ ಆಗಿತ್ತು. ಬಾಗಿಲ ಸಂದಿಯಿಂದ ಇರುವೆ ಸಾಲು. ಸಣ್ಣ ಕಪ್ಪಿರುವೆ. ನೇರ ಹೋಗಿ ಅವಳು ಕೂತ ಜಾಗಕ್ಕೆ ಮುತ್ತಿದ್ದವು.

ಆಯಾ ಕೆಲಸ ಮಾಡಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಸಕ್ಕರೆ ಕಾಯಿಲೆಯವರು ಉಚ್ಚೆ ಹೊಯ್ದ ಕಡೆಗೆ ಇರುವೆ ಬರುತ್ತದೆ, ಬೇರೆಯವರದಕ್ಕೆ ಬರುವುದಿಲ್ಲ. ಕೈಯಲ್ಲಿ ನೀರಿನ ಬಕೆಟ್ಟು ಹಿಡಿದು ಅಲ್ಲೇ ನಿಂತೆ. ನೀರು ಹಾಕಲಿಲ್ಲ. ಹೋಗಿ ವೆಂಕಟೇಶನಿಗೆ ಹೇಳಿದೆ.

"ಓಬಮ್ಮಂದು ನಾರ್ಮಲ್ ಅಲ್ಲ ಕಣಪ್ಪ."

"ಕಂಪ್ಯೂಟರ್ ಅಂತಾ ಐತೆ ನಾರ್ಮಲ್ ಅಂತ."

"ಇರುವೆ ಅಲ್ಲ ಅಂತಾ ಅವೆ."

"ಏಮಕ್ಕಾ, ಇರುವೆ ಯಾವ ಲ್ಯಾಬಿನಾಗೆ ಓದೈತೆ?" ಅಂತ ನಕ್ಕ. ನನಗೆ ನಗು ಬರಲಿಲ್ಲ.

"ಓಬಮ್ಮಂದಲ್ಲ ಅಂದ್ರೆ ಇದು ಯಾರದೋ ಇರ್ಬೇಕಲ್ಲ? ತಿಪ್ಪಮ್ಮಂದು ಯಾಕ್ ಬಂದಿಲ್ಲ?" ಅಂದೆ. ಅನ್ನುತ್ತಿದ್ದ ಹಾಗೆ ಗೋಡೆಯ ಪಟ್ಟಿ ಬಾಯಿಗೆ ಬಂತು. ತಿಪ್ಪಮ್ಮ ಆದ ಮೇಲೆ ಓಬಮ್ಮ. ಓಬಮ್ಮ ಆದ ಮೇಲೆ ಪಾಲಯ್ಯ. ಪರೀಕ್ಷೆಯ ಸಾಲು ಹೇಳಿಕೊಂಡೆ. ಹಿಮೋಗ್ಲೋಬಿನ್, ಅಂದರೆ ರಕ್ತದ್ದು. ಅದಾದ ಮೇಲೆ ಸಕ್ಕರೆ, ಅದಾದ ಮೇಲೆ ಕಾಮಾಲೆ. ಕೊನೆಗೆ ಫಲಿತಾಂಶ. ಬಹಳ ಕಡಿಮೆ, ನಾರ್ಮಲ್, ಜಾಸ್ತಿ, ಮತ್ತೆ ಮಾಡಬೇಕು.

"ವೆಂಕಟೇಶು, ಆ ಮೊಳೆ ಚೀಟಿ ತಗಿ. ಪಾಲಯ್ಯ, ಕಾಮಾಲೆ, ಮತ್ತೆ ಮಾಡಬೇಕು. ಮೂರನ್ನೂ ಒಂದೊಂದು ಸಾಲು ಮೇಲಕ್ಕೆ ಓದು."

ಗೋಡೆ ನೋಡಿಕೊಂಡು ಓದಿದ. "ಓಬಮ್ಮ. ಸಕ್ಕರೆ. ಜಾಸ್ತಿ."

ಅವನ ನಗು ನಿಂತಿತು.

"ಈಗ ಇದು ಓದು. 'ಓಬಮ್ಮ, ಸಕ್ಕರೆ, ನಾರ್ಮಲ್' ಅಂತ ಬಂದೈತಲ್ಲ, ಅದನ್ನೂ ಒಂದೊಂದು ಮೇಲಕ್ಕೆ."

"ತಿಪ್ಪಮ್ಮ. ಹಿಮೋಗ್ಲೋಬಿನ್." ಮೂರನೆಯದನ್ನು ಅವನು ಓದಲಿಲ್ಲ. "ಅಟ್ಟೆ ಜಾರೈತೆ ಅಕ್ಕಾ" ಅಂದ. ಮಗ್ಗದಲ್ಲಿ ಸರದೊಳಗಿನ ಒಂದು ಅಟ್ಟೆ ಜಾರಿದರೆ ಮುಂದಿನ ಸಾಲೆಲ್ಲ ಒಂದೊಂದು ಜಾರಿ ಹೂವು ಸೊಟ್ಟಗಾಗುತ್ತದೆ. ಅವನಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಮೂರನೇ ಮಾತು ಬಹಳ ಕಡಿಮೆ.

ನಾನು ಓಡಲಿಲ್ಲ, ಆಸ್ಪತ್ರೆಯಲ್ಲಿ ಆಯಾ ಓಡಿದರೆ ಎಲ್ಲರೂ ಎದ್ದು ಓಡುತ್ತಾರೆ. ಬೇಗ ನಡೆದು ಹೋಗಿ ಡಾಕ್ಟ್ರಮ್ಮನಿಗೆ ಹೇಳಿದೆ. ಇರುವೆಯಿಂದ ಹಿಡಿದು ಎಲ್ಲ ಹೇಳಿದೆ. ಅವರು ಕುರ್ಚಿಯಿಂದ ಎದ್ದವರು ನಿಂತುಕೊಂಡೇ ಕೇಳಿದರು. ವೆಂಕಟೇಶು ಬಾಗಿಲಲ್ಲಿ ನಿಂತಿದ್ದ.

"ಬೋರಮ್ಮ, ನೀನು ಹೇಳೋದು ತಪ್ಪಾದರೆ?"

"ತಪ್ಪಾದ್ರೆ ಹುಡುಗಿ ಸುಮ್ನೆ ಬಳ್ಳಾರಿ ನೋಡ್ಕಂಡು ಬರ್ತಾಳೆ ಕಣ್ರಮ್ಮ. ಸರಿಯಾದ್ರೆ?"

ಅವರು ಹೋಗಿ ಹುಡುಗಿಯ ಕಣ್ಣು ಇನ್ನೊಂದು ಸಲ ಎಳೆದು ನೋಡಿದರು. ಉಗುರು ಒತ್ತಿ ನೋಡಿದರು. ನೋವು ಆಗಲೇ ಹತ್ತಿರ ಹತ್ತಿರ ಬರುತ್ತಿತ್ತು. "ವ್ಯಾನ್ ತೆಗೆಸು" ಅಂದರು.

ಅತ್ತೆ ಅಡ್ಡ ನಿಂತಳು. ಬಾಯಿಗೆ ಬಂದದ್ದೆಲ್ಲ ಅಂದಳು. ಇಲ್ಲೇ ಆಗುತ್ತದೆ, ಇನ್ನೇನು ಆಗಿಹೋಗುತ್ತದೆ, ದಾರಿಯಲ್ಲಿ ಏನಾದರೂ ಆದರೆ ನೀನು ಬರ್ತೀಯಾ ಅಂತ ನನ್ನ ಮುಖಕ್ಕೇ ಕೇಳಿದಳು.

"ಬರ್ತೀನಿ ಹತ್ತು" ಅಂದೆ.

ಹಾಗೆ ನಾನೂ ಹೋದೆ. ಹೊರಡುವ ಮುಂಚೆ ಓಬಮ್ಮನ ಕೈಯಲ್ಲಿದ್ದ ಮೂರನೇ ಬಾಳೆಹಣ್ಣು ಕಿತ್ತುಕೊಂಡೆ. "ಯಾಕೇ?" ಅಂದಳು. "ನೀನು ನಾರ್ಮಲ್ ಅಲ್ಲ" ಅಂದೆ. ಬಿಡಿಸಿ ಹೇಳಲು ಹೊತ್ತಿರಲಿಲ್ಲ. ಅವಳನ್ನು ನರ್ಸು ನೋಡಿಕೊಂಡಳು.

ವ್ಯಾನಿನಲ್ಲಿ ಹುಡುಗಿಯ ತಲೆ ನನ್ನ ತೊಡೆಯ ಮೇಲೆ ಇತ್ತು. ಅವಳು ಕಿರುಚಲಿಲ್ಲ, ಕಿರುಚುವಷ್ಟು ಶಕ್ತಿ ಇರಲಿಲ್ಲ. "ಆಯಮ್ಮ, ಕಣ್ ಮುಚ್ಕಂಡು ಬರ್ತೈತೆ" ಅಂದಳು ಒಂದು ಸಲ. "ಮುಚ್ಚಬ್ಯಾಡ. ನಿಮ್ಮತ್ತೆ ಎಷ್ಟು ಕುರಿ ಸಾಕವ್ಳೆ ಹೇಳು" ಅಂದೆ. ಹೇಳಿದಳು. ಅತ್ತೆ ಮುಂದಿನ ಸೀಟಿನಿಂದ, "ತಪ್ಪು, ಎಲ್ಡು ಸತ್ತೋದ್ವು" ಅಂದಳು. ಹಾಗೆ ಕುರಿ ಲೆಕ್ಕ ಹಾಕಿಕೊಂಡು ಬಳ್ಳಾರಿ ಮುಟ್ಟಿದೆವು.

ಅಲ್ಲಿಯ ಡಾಕ್ಟರು ರಕ್ತ ನೋಡಿ, ಇಷ್ಟು ಕಡಿಮೆ ಇಟ್ಟುಕೊಂಡು ಈ ಹುಡುಗಿ ಹೇಗೆ ನಡೆದಾಡುತ್ತಿದ್ದಳು ಅಂದರು. ರಕ್ತ ಏರಿಸುತ್ತಾ ಹೆರಿಗೆ ಮಾಡಿಸಿದರು. ಹೆಣ್ಣು ಕೂಸು. ಹೆತ್ತ ಮೇಲೆ ಹುಡುಗಿಗೆ ರಕ್ತ ಹೋಯಿತು, ಡಾಕ್ಟ್ರಮ್ಮ ಹೆದರಿದ ಹಾಗೇ ಹೋಯಿತು. ಆದರೆ ಅಲ್ಲಿ ಕೊಡಲು ಬಾಟಲಿ ಇದ್ದವು. ಉಳಿದಳು. ನಮ್ಮ ಹನ್ನೆರಡು ಮಂಚದ ಆಸ್ಪತ್ರೆಯಲ್ಲಿ ಆಗಿದ್ದರೆ ಉಳಿಯುತ್ತಿರಲಿಲ್ಲ. ಅತ್ತೆ ತನ್ನ ಎಲೆಅಡಿಕೆ ಚೀಲ ಬಿಚ್ಚಿ ನನ್ನ ಮುಂದೆ ಇಟ್ಟಳು. ಹಾಕಿಕೊಂಡೆ.

ಸಂಜೆ ವಾಪಸ್ಸು ಬಂದಾಗ ಆಸ್ಪತ್ರೆಯಲ್ಲಿ ಬೇರೆಯೇ ಜಗಳ. ತಂತಿಗೆ ಜೀವ ಬಂದಿತ್ತು. ಷಡಕ್ಷರಪ್ಪನವರು ಆ ಕಡೆಯಿಂದ ಫೋನಿನಲ್ಲಿ, ನಾನು ಸರಿಯಾಗಿ ತಿಪ್ಪಮ್ಮ ಅಂತಲೇ ಕಳಿಸಿದ್ದೇನೆ, ದೇವರ ಮೇಲೆ ಆಣೆ ಅನ್ನುತ್ತಿದ್ದರು. ವೆಂಕಟೇಶು ಈ ಕಡೆಯಿಂದ, ನನ್ನ ಪಟ್ಟಿ ಎರಡು ವರ್ಷದಿಂದ ಒಂದಕ್ಷರ ಅಲ್ಲಾಡಿಲ್ಲ ಅನ್ನುತ್ತಿದ್ದ. ಫೋನ್ ಇಟ್ಟವನು ನನ್ನ ಕಡೆ ತಿರುಗಿದ.

"ಅಕ್ಕ, ನೀನು ಬೆಳಿಗ್ಗೆ ಒರೆಸುವಾಗ ಏನಾದ್ರೂ ಒತ್ತಿದ್ಯಾ?"

"ಎರಡು ವರ್ಷದಿಂದ ಒರೆಸ್ತಾ ಇದೀನಿ, ಇವತ್ತೇ ಒತ್ತಿದ್ನಾ?"

"ಅಲ್ಲ, ಬಟ್ಟೆ ತಾಗಿ…"

"ಬಾಯಿ ಮುಚ್ಚು" ಅಂದೆ. ಅವನೂ ಹೆದರಿದ್ದ ಅಂತ ಗೊತ್ತಿತ್ತು. ಆದರೂ ಬಿಡಬೇಕು ಅನ್ನಿಸಲಿಲ್ಲ.

ಆಮೇಲೆ ಡಾಕ್ಟ್ರಮ್ಮ ಮಂಚದ ನಂಬರು ಇಲ್ಲದೆ ಒಂದು ಸುದ್ದಿಯೂ ಬರಕೂಡದು ಅಂತ ಮಾಡಿದರು. ಒಂದು ಅಂಕಿ ಹೆಚ್ಚಾಯಿತು, ಆಗಲಿ. ಈಗ ಕೆಲಸಕ್ಕೆ ಸೇರುವ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ. ಮಾತು ಸಣ್ಣದು ಮಾಡಿ, ಬೇಡ ಅನ್ನುವುದಿಲ್ಲ. ಆ ಸಣ್ಣ ಮಾಡುವುದರಿಂದಲೇ ಎಷ್ಟೋ ಜನರ ಸುದ್ದಿ ಹೊತ್ತಿಗೆ ಸರಿಯಾಗಿ ಬಂತು, ಎಷ್ಟೋ ಜನ ಬೇಗ ಮನೆಗೆ ಹೋದರು. ಆದರೆ ತಪ್ಪು ಬಂದರೆ ಕಾಣಿಸುವಷ್ಟು ಜಾಗ ಅದರೊಳಗೆ ಬಿಟ್ಟಿರಬೇಕು. ನಮ್ಮ ಮೂರು ಅಂಕಿಯೊಳಗೆ ಆ ಜಾಗ ಇರಲಿಲ್ಲ. ತಪ್ಪೂ ಸರಿಯ ಹಾಗೇ ಕಾಣುತ್ತಿತ್ತು. ಮತ್ತೆ, ಪರದೆ ನೋಡಿದ ಮೇಲೆ ಎದ್ದು ಹೋಗಿ ಮಂಚದ ಮೇಲಿರುವವರನ್ನೂ ಒಂದು ಸಲ ನೋಡಿ.

ಮಾರನೇ ದಿನ ಬೆಳಿಗ್ಗೆ ಗೋಡೆಯಿಂದ ಪಟ್ಟಿ ಕಿತ್ತು, ಸುರುಳಿ ಸುತ್ತಿ, ವೆಂಕಟೇಶನನ್ನೂ ಎಳೆದುಕೊಂಡು ಏಳರ ಬಸ್ಸಿಗೆ ಚಳ್ಳಕೆರೆಗೆ ಹೋದೆ. ರಕ್ತದ ಫ್ಲಾಸ್ಕು ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಷಡಕ್ಷರಪ್ಪನವರು ಲ್ಯಾಬಿನಲ್ಲಿ ಆಗಲೇ ಕೂತಿದ್ದರು. ನಿದ್ದೆ ಮಾಡಿದ ಮುಖ ಅಲ್ಲ.

"ನಿಮ್ ಕಂಪ್ಯೂಟರ್‌ನಾಗೆ ಇರೋದನ್ನ ಮೇಲಿಂದ ಓದ್ರಿ. ನಾನು ಕಾಗದದ ಮೇಲಿನದು ಓದ್ತೀನಿ" ಅಂದೆ.

ಪರದೆಯ ಮೇಲೆ ಪಟ್ಟಿ ತೆಗೆದರು. ಕನ್ನಡಕ ಸರಿ ಮಾಡಿಕೊಂಡರು.

"ಮೊದಲನೇ ಸಾಲು" ಅಂದೆ. "ತಿಪ್ಪೇಸ್ವಾಮಿ."

"ಮೊದಲನೇ ಸಾಲು" ಅಂದರು. "ಶ್ರೀ."

ವೆಂಕಟೇಶು ಬಗ್ಗಿ ಪರದೆ ನೋಡಿದ. "ಸಾರ್, ಶ್ರೀ ಎಲ್ಲಿಂದ ಬಂತು?"

"ಕಾಗದದ ಮೇಲೆ ಐತಲ್ಲಪ್ಪ. ಇದ್ದಂಗೆ ಹೊಡೀರಿ, ಒಂದಕ್ಷರ ಬಿಡಬ್ಯಾಡ್ರಿ ಅಂದ್ಯಲ್ಲ."

ನನ್ನ ಕೈಯಲ್ಲಿದ್ದ ಕಾಗದ ನೋಡಿದೆ. ಮೇಲೆ ನಡುಮಧ್ಯದಲ್ಲಿ, ವೆಂಕಟೇಶನ ದುಂಡು ಅಕ್ಷರದಲ್ಲೇ, ಶ್ರೀ. ಏನೇ ಬರೆಯಲು ಕೂತರೂ ಎಲ್ಲರೂ ಮೊದಲು ಹಾಕುವುದು ಅದೇ. ಎರಡು ವರ್ಷ ದಿನಾ ನೋಡಿದ್ದೆ. ಒಂದು ದಿನವೂ ಅದನ್ನು ಓದಿರಲಿಲ್ಲ, ಸಾಲು ಅಂತ ಎಣಿಸಿರಲೂ ಇಲ್ಲ. ವೆಂಕಟೇಶು ಕಾಗದದ ಮೇಲೆ ಬರೆದಿದ್ದ, ನಮ್ಮ ಕಂಪ್ಯೂಟರಿಗೆ ಹಾಕಿರಲಿಲ್ಲ. ಷಡಕ್ಷರಪ್ಪನವರು ಹಾಕಿದ್ದರು. ಅವರ ಕಂಪ್ಯೂಟರ್ ಅದನ್ನೂ ಒಂದು ಸಾಲು ಅಂತ ಎಣಿಸಿತ್ತು. ಅಲ್ಲಿಂದ ಕೆಳಗೆ ಇನ್ನೂರು ಸಾಲೂ ಒಂದೊಂದು ಜಾರಿದ್ದವು.

"ಅಳಿಸ್ರಿ ಸಾರ್" ಅಂದ ವೆಂಕಟೇಶು, ತಲೆ ಎತ್ತದೆ.

ಷಡಕ್ಷರಪ್ಪನವರು ಕೈ ಮುಂದೆ ಚಾಚಿದವರು ಹಿಂದಕ್ಕೆ ತೆಗೆದುಕೊಂಡರು. "ಶ್ರೀಕಾರ ನನ್ನ ಕೈಯಾರೆ ಹೆಂಗಪ್ಪ ಅಳಿಸಲಿ? ಬರೆದೋನು ನೀನು, ನೀನೇ ಅಳಿಸು."

"ನಿಮ್ ಕಂಪ್ಯೂಟರು ಸಾರ್, ನಾನು ಹೆಂಗೆ ಮುಟ್ಟಲಿ" ಅಂತ ಅವನು ಕೈ ಕಟ್ಟಿಕೊಂಡು ಕಿಟಕಿ ಕಡೆ ನೋಡಿದ.

ಬಸ್ಸಿನಲ್ಲಿ ತಂದ ಫ್ಲಾಸ್ಕಿನಲ್ಲಿ ಐದು ಜನರ ರಕ್ತ ಇತ್ತು.

"ಯಾವುದು ಒತ್ಬೇಕು ತೋರಿಸ್ರಿ" ಅಂದೆ.

ಷಡಕ್ಷರಪ್ಪನವರು ಬೆರಳು ತಾಗಿಸದೆ ತೋರಿಸಿದರು. ಒತ್ತಿದೆ. ಶ್ರೀ ಹೋಯಿತು. ಅದು ಇದ್ದ ಜಾಗ ಹಾಗೇ ಖಾಲಿ ನಿಂತಿತು.

"ಖಾಲಿ ಸಾಲನ್ನೂ ಅದು ಎಣಿಸ್ತದೆ ಅಕ್ಕ. ಇನ್ನೊಂದು ಸಲ ಒತ್ತು" ಅಂದ ವೆಂಕಟೇಶು, ಕಿಟಕಿ ಕಡೆ ನೋಡಿಕೊಂಡೇ.

ಇನ್ನೊಂದು ಸಲ ಒತ್ತಿದೆ.